ಬಾಣಂತಿಯ ಮನೆಗೆ ಆಶಾ ಬಂದಾಗ

ನಾಟಿಯಾದ ಮೊದಲ ವಾರ ಸಸಿಗೆ ಕಷ್ಟಕಾಲವೆಂಬುದನ್ನು ಕೆರೆಬಿಳಚಿಯ ರೈತರು ಬಲ್ಲರು. ಕೂಸಿಗೂ ಹುಟ್ಟಿದ ಮೊದಲ ವಾರವೇ ಹೆಚ್ಚು ಅಪಾಯದ್ದು.

ಆದ್ದರಿಂದಲೇ 2011ರಿಂದ ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಕೂಸನ್ನು ನೋಡುವ ಏರ್ಪಾಡಾಗಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ. ಮನೆಯಲ್ಲಾಗಿದ್ದರೆ ಮೊದಲ ದಿನವೂ ಸೇರಿ ಏಳು ಸಲ. ಅವರು ತೂಕ, ಮೈಶಾಖ, ಉಸಿರು, ಹೊಕ್ಕುಳು ನೋಡುತ್ತಾರೆ. ಬಾಣಂತಿ ಕೋಣೆಗೆ ಹೊರಗಿನವರು ಬರಬಾರದೆಂದು ಅವರನ್ನು ಬಾಗಿಲಿನಿಂದಲೇ ಹಿಂದಿರುಗಿಸಕೂಡದು. ಕೈ ತೊಳೆಯಲು ನೀರು, ಸೋಪು ಕೊಡಿರಿ.

ತೂಕ ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಕೂಸನ್ನು ಎದೆಗವಚಿ ಬೆಚ್ಚಗಿಡಿರಿ. ಕೂಸು ಮೊಲೆ ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಾದರೆ ಬೆಳಗಾಗಲೆಂದು ಕಾಯಬೇಡಿರಿ. 108ಕ್ಕೆ ಕರೆ ಮಾಡಿರಿ. ವಾಹನಕ್ಕೂ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ.