ವಜ್ರಲೇಪ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದ ಮೇಲೆ ಮಳಖೇಡವೆಂಬ ಊರಿದೆ. ಇದೇ ಹಿಂದಿನ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ ಎರಡನೆಯ ತೈಲಪನು ಚಾಲುಕ್ಯರ ಸಿಂಹಾಸನವನ್ನು ಮತ್ತೆ ಸ್ಥಾಪಿಸಿದನು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಸಾಗಿಸಿದನು. ಇಂದು ಮಳಖೇಡಕ್ಕೆ ಹೋದವರಿಗೆ ಕೋಟೆಯ ಗೋಡೆಗಳೂ ಕಲ್ಲಿನ ಬಸದಿಯೂ ಕಾಣಸಿಗುತ್ತವೆ. ಆದರೆ ಯಾವ ರಾಜಧಾನಿಯೂ ಕೇವಲ ಕಲ್ಲಿನಿಂದ ಬಾಳುವುದಿಲ್ಲ. ಪೆಟ್ಟಿಗೆ, ಬಾಚಣಿಗೆ, ಪಗಡೆಯ ದಾಳ, ಕತ್ತಿಯ ಹಿಡಿ ಮುಂತಾದ ವಸ್ತುಗಳನ್ನು ಮರ, ಎಲುಬು, ದಂತ, ಕೊಂಬುಗಳಿಂದ ಮಾಡುವ ಕುಶಲಕರ್ಮಿಗಳು ಎಲ್ಲ ಕಾಲದಲ್ಲಿಯೂ ಇದ್ದರು. ಕಲ್ಲು ತನ್ನ ಭಾರದಿಂದಲೇ ನಿಲ್ಲಬಲ್ಲುದು. ಇಂಥ ಸಣ್ಣ ವಸ್ತುಗಳ ಬಾಳಿಕೆಯಾದರೋ ಅನೇಕ ವೇಳೆ ಅವುಗಳ ಭಾಗಗಳನ್ನು ಕೂಡಿಸಿದ ಅಂಟನ್ನೇ ಅವಲಂಬಿಸಿರುತ್ತದೆ.

ಆ ಅಂಟಿನ ವಿದ್ಯೆಯ ಒಂದು ಅಂಶವು ಗ್ರಂಥದಲ್ಲಿ ಉಳಿದುಬಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಚಿತ್ರಕಲೆಯನ್ನು ಕುರಿತು ಹೇಳುವಾಗ ವಜ್ರಲೇಪವೆಂಬ ಅಂಟನ್ನು ವಿವರಿಸುತ್ತದೆ. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಳಸಬೇಕು. ಗೋಡೆಯನ್ನು ಚಿತ್ರಕ್ಕಾಗಿ ಸಿದ್ಧಗೊಳಿಸಲು ಹೇಳಿದ ಈ ಅಂಟು, ಬಡಗಿಗಳು ಬಹುಕಾಲ ಬಳಸಿದ ಸರೇಸಿಗಿಂತ ಬೇರೆಯದಲ್ಲ.

ಎಲುಬಿಗೂ ಸರೇಸಿಗೂ ರಕ್ತಸಂಬಂಧವಿದೆ ಎನ್ನಬಹುದು. ಎಲುಬಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಸುಣ್ಣ ಮತ್ತು ರಂಜಕಗಳಿಂದಾದ ಖನಿಜ. ಉಳಿದುದರಲ್ಲಿ ಬಹುಪಾಲು ಕೊಲಾಜನ್ ಎಂಬ ನಾರಿನಂಥ ಸಸಾರಜನಕ ಪದಾರ್ಥ. ಖನಿಜವು ಎಲುಬಿಗೆ ಗಡಸುತನವನ್ನೂ ಕೊಲಾಜನ್ ಬಾಗುವ ಗುಣವನ್ನೂ ಕೊಡುತ್ತವೆ. ಚರ್ಮದಲ್ಲಿಯೂ ಇರುವ ಈ ಕೊಲಾಜನ್ನನ್ನು ನೀರಿನಲ್ಲಿ ಬೇಯಿಸಿದಾಗ ದೊರೆಯುವುದೇ ಸರೇಸು. ಆದ್ದರಿಂದಲೇ ಎಲುಬನ್ನು ಬಹಳ ಹೊತ್ತು ಕುದಿಸಿದರೆ ಅದರ ಸತ್ವವೇ ನೀರಿಗೆ ಇಳಿದು ಅದು ಪೆಡಸಾಗುತ್ತದೆ.

ಅಂಟು ಎಷ್ಟೇ ಉತ್ತಮವಾಗಿದ್ದರೂ ಎಲುಬು ಸಿದ್ಧವಾಗಿರದಿದ್ದರೆ ಕೆಲಸ ಕೆಡುತ್ತದೆ. ಹೊಸ ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ಕೊಬ್ಬು ಅಡಗಿರುತ್ತದೆ. ಅದು ಮೇಲಕ್ಕೆ ಬಂದು ಅಂಟನ್ನು ಹಿಡಿಯಗೊಡುವುದಿಲ್ಲ. ಆದುದರಿಂದ ಸಾಬೂನಿನ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ನೀರನ್ನು ಬದಲಿಸುತ್ತ ಕೊಬ್ಬನ್ನು ತೆಗೆದು, ನೆರಳಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ಬಳಿಕ ಅಂಟಿಸುವ ಮುಖವನ್ನು ಅರದಿಂದ ಉಜ್ಜಿ ತುಸು ಒರಟಾಗಿಸಬೇಕು. ಎಲುಬಿನ ಧೂಳು ಶ್ವಾಸಕ್ಕೆ ಹಾನಿಕರವಾದುದರಿಂದ ಮೂಗು ಬಾಯಿಗಳಿಗೆ ಮರೆ ಕಟ್ಟಿಕೊಳ್ಳುವುದು ಅವಶ್ಯಕ.

ಹಳೆಯ ಕಾಲದ ವಸ್ತುವಿನ ಮಾದರಿಯನ್ನು ಇಂದು ತಯಾರಿಸುವವನು ಯಾವ ಅಂಟನ್ನು ಆರಿಸಬೇಕು? ಮರದ ಪೆಟ್ಟಿಗೆಯಲ್ಲಿ ಎಲುಬಿನ ತೆಳುಬಿಲ್ಲೆಗಳನ್ನು ಕೂರಿಸುವುದಾದರೆ ಸರೇಸು ತಕ್ಕುದು. ಮೈಸೂರಿನಲ್ಲಿ ಬೀಟೆಮರದಲ್ಲಿ ದಂತವನ್ನು ಕೂರಿಸುವ ಕಲೆ ಪ್ರಸಿದ್ಧವಾಗಿತ್ತು. ಆನೆಗಳ ರಕ್ಷಣೆಗಾಗಿ ವನ್ಯಜೀವಿ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನು ನಿಷೇಧಿಸಿತು. ಇಂಥ ಕೆಲಸಕ್ಕೆ ಈಗ ಬೇರೆ ವಸ್ತುಗಳೇ ಗತಿ. ಸರೇಸನ್ನು ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಬೇಕು. ಕುದಿಸಿದರೆ ಅದರ ಬಲ ಕುಂದುತ್ತದೆ. ಬಿಸಿಯಿರುವಾಗಲೇ ತೆಳುವಾಗಿ ಹಚ್ಚಿ ಒತ್ತಿಡಬೇಕು. ಚೆನ್ನಾಗಿ ಕೂಡಿದ ಜೋಡಣೆಯನ್ನು ಮುರಿಯಲೆತ್ನಿಸಿದರೆ ಅಂಟಿಗಿಂತ ಮೊದಲು ಮರವೇ ಸೀಳುವುದುಂಟು. ಆದರೆ ತೇವ ಇದರ ಶತ್ರು.

ಕತ್ತಿಯ ಹಿಡಿಗೆ ಹಿಂದಿನವರು ಅರಗನ್ನು ಬಳಸುತ್ತಿದ್ದರು. ಕರಗಿದ ಅರಗಿಗೆ ಇಟ್ಟಿಗೆಯ ಪುಡಿ ಮೊದಲಾದುವನ್ನು ಬೆರೆಸಿ ಹಿಡಿಯೊಳಗೆ ತುಂಬಿ, ಅಲಗಿನ ಬಾಲವನ್ನು ಅದರಲ್ಲಿ ನೆಡುತ್ತಿದ್ದರು. ಅರಗು ತೇವಕ್ಕೆ ಅಂಜುವುದಿಲ್ಲ, ಬಿಸಿಗೆ ಅಂಜುತ್ತದೆ. ದಿನವೂ ನೀರು ತಗಲುವ ಚಾಕುವಿನ ಎಲುಬಿನ ಹಿಡಿಗೆ ಈ ಎರಡಕ್ಕಿಂತ ಎಪಾಕ್ಸಿ ಎಂಬ ಇಂದಿನ ಅಂಟು ಮೇಲು. ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಇದು ಎಲುಬನ್ನೂ ಲೋಹವನ್ನೂ ಬಲವಾಗಿ ಬಂಧಿಸುತ್ತದೆ. ಆದರೂ ಜಾಣ ಕೆಲಸಗಾರನು ಅಂಟೊಂದನ್ನೇ ನಂಬದೆ ಹಿಡಿಗೆ ಲೋಹದ ಮೊಳೆಗಳನ್ನೂ ಹಾಕುತ್ತಾನೆ.

ಹಾಗಾದರೆ ಎಲ್ಲಕ್ಕಿಂತ ಬಲವಾದ ಅಂಟೇ ಎಲ್ಲಕ್ಕಿಂತ ಒಳ್ಳೆಯದೆ? ಹೊಸ ವಸ್ತುವಿನ ಮಟ್ಟಿಗೆ ಹೌದೆನ್ನಬಹುದು. ಪ್ರಾಚೀನ ವಸ್ತುವಿನ ಮಟ್ಟಿಗೆ ಖಂಡಿತ ಅಲ್ಲ. ನೂರಾರು ವರ್ಷ ಮಣ್ಣಿನಲ್ಲಿದ್ದ ಎಲುಬು ತನ್ನ ಕೊಲಾಜನ್ನನ್ನು ಕಳೆದುಕೊಂಡು ಪುಡಿಪುಡಿಯಾಗುವ ಸ್ಥಿತಿಯಲ್ಲಿರಬಹುದು. ಅದಕ್ಕೆ ಸರೇಸು ಹಚ್ಚಿದರೆ ಒಣಗುವಾಗ ಕುಗ್ಗಿ ಎಲುಬಿನ ಪದರವನ್ನೇ ಕಿತ್ತುಬಿಡಬಹುದು. ಎಪಾಕ್ಸಿ ಹಚ್ಚಿದರೆ ಜೋಡಣೆ ಎಲುಬಿಗಿಂತ ಗಟ್ಟಿಯಾಗುತ್ತದೆ. ಮುಂದೆ ಪೆಟ್ಟು ಬಿದ್ದಾಗ ಜೋಡಣೆ ಬಿಡದೆ, ಅದರ ಪಕ್ಕದಲ್ಲಿ ಎಲುಬೇ ಹೊಸದಾಗಿ ಒಡೆಯುತ್ತದೆ. ತುಣುಕನ್ನು ತಪ್ಪಾಗಿ ಕೂಡಿಸಿದ್ದರೆ ಬಿಡಿಸಿ ಸರಿಪಡಿಸುವುದೂ ಕಷ್ಟ. ಆದುದರಿಂದ ವಸ್ತುಸಂಗ್ರಹಾಲಯಗಳ ತಜ್ಞರು ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನ್ ದ್ರವದಲ್ಲಿ ಕರಗಿಸಿ ಬಳಸುತ್ತಾರೆ. ಅದೇ ಅಸಿಟೋನಿನಿಂದ ಅದನ್ನು ಮತ್ತೆ ಕರಗಿಸಿ ಜೋಡಣೆಯನ್ನು ಬಿಡಿಸಬಹುದು. ಇಂದಿನ ತಿಳಿವಳಿಕೆಯೇ ಕೊನೆಯದಲ್ಲ, ನಾಳಿನವರು ಇನ್ನೂ ಚೆನ್ನಾಗಿ ತಿಳಿಯಬಲ್ಲರು ಎಂಬ ವಿನಯ ಈ ಕ್ರಮದಲ್ಲಿ ಅಡಗಿದೆ.

ಮಳಖೇಡದಂಥ ಊರಿನ ನೆಲದಲ್ಲಿ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ವಸ್ತುವೊಂದು ಯಾರ ಕೈಗಾದರೂ ಸಿಗಬಹುದು. ಅದನ್ನು ತೊಳೆಯುವುದೂ ಮನೆಯಲ್ಲಿದ್ದ ಅಂಟಿನಿಂದ ಕೂಡಿಸುವುದೂ ಉಪಕಾರವಲ್ಲ, ಅಪಚಾರ. ಅದನ್ನು ಇದ್ದಂತೆಯೇ ಕಾಪಾಡಿ ಪುರಾತತ್ವ ಇಲಾಖೆಗೆ ತಿಳಿಸುವುದೇ ಕರ್ತವ್ಯ. ಹೊಸದನ್ನು ಕಟ್ಟುವಾಗ ಬಲ ಬೇಕು. ಹಳೆಯದನ್ನು ಉಳಿಸುವಾಗ ಸಂಯಮ ಬೇಕು. ಎಲ್ಲಿ ಯಾವುದು ಬೇಕೆಂದು ಅರಿತವನೇ ನಿಜವಾದ ಕುಶಲಿ.

ಅಭ್ಯಾಸ

1. ‘ಮಾನಸೋಲ್ಲಾಸ’ದಲ್ಲಿ ವಜ್ರಲೇಪವನ್ನು ತಯಾರಿಸುವ ಕ್ರಮವನ್ನು ಹೇಗೆ ವಿವರಿಸಲಾಗಿದೆ?
2. ಎಲುಬನ್ನು ಅಂಟಿಸುವ ಮುನ್ನ ಕೊಬ್ಬನ್ನು ತೆಗೆಯಬೇಕು. ಏಕೆ?
3. ಸರೇಸು, ಅರಗು, ಎಪಾಕ್ಸಿಗಳ ಗುಣದೋಷಗಳನ್ನು ಹೋಲಿಸಿ ಬರೆಯಿರಿ.
4. ‘ಹಳೆಯದನ್ನು ಉಳಿಸುವಾಗ ಸಂಯಮ ಬೇಕು’ – ಈ ಮಾತನ್ನು ಸಮರ್ಥಿಸಿರಿ.