ನಿಮ್ಮಪ್ಪನ ಫೋನಿನಲ್ಲಿ ಓಡಬೇಕಾದ ಆಪ್

ಪ್ರೀತಿಯ ಮಗಳೇ,

ಮೊನ್ನೆ ದೇವರಾಯಸಮುದ್ರದಿಂದ ನೀನು ಫೋನ್ ಮಾಡಿ ಕೇಳಿದ್ದಕ್ಕೆ ಉತ್ತರ ಅವಸರದಲ್ಲಿ ಹೇಳುವಂಥದ್ದಲ್ಲ. ಆಪ್ ಕಟ್ಟುವುದಕ್ಕೆ ಈಗಷ್ಟೇ ಕೈಹಾಕಿರುವ ನಮ್ಮ ಕಡೆಯ ಬೇರೆ ಮಕ್ಕಳಿಗೂ ಉಪಯೋಗವಾಗಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಬ್ಲಾಕುಗಳನ್ನು ಜೋಡಿಸಿ ಆಪ್ ಕಟ್ಟುವ ಆಪ್ ಇನ್‌ವೆಂಟರ್‌ನಲ್ಲಿ ನೀನು ಟೊಮೆಟೊ ಲೆಕ್ಕದ ಆಪ್ ಮಾಡಿದ್ದೀಯ. ಎಷ್ಟು ಬಾಕ್ಸ್ ಹೋಯಿತು, 15 ಕೆಜಿ ಬಾಕ್ಸು ಹರಾಜಿನಲ್ಲಿ ಎಷ್ಟಕ್ಕೆ ನಿಂತಿತು, ಗಾಡಿ ಬಾಡಿಗೆ, ಹಮಾಲಿ ಕಳೆದು ಕೈಗೆಷ್ಟು ಬಂತು, ಸೀಸನ್ನಿನ ಒಟ್ಟು ಎಷ್ಟಾಯಿತು. ವಡ್ಡಹಳ್ಳಿ ಮಂಡಿಯ ಬಿಲ್ಲನ್ನು ಅಂಗಿ ಜೇಬಿನಲ್ಲಿ ಮಡಚಿಟ್ಟುಕೊಂಡು ಬರುವ ನಿಮ್ಮಪ್ಪನಿಗೆ ಇದು ನಿಜಕ್ಕೂ ಬೇಕಾದದ್ದು. ಆಟದ ಆಪ್ ಬಿಟ್ಟು ಇದನ್ನು ಆರಿಸಿಕೊಂಡೆಯಲ್ಲ, ನನಗೆ ಬಹಳ ಸಂತೋಷವಾಯಿತು. ನಿನ್ನ ಫೋನಿನಲ್ಲಿ ಸರಿಯಾಗಿ ನಡೆದದ್ದು ಅಪ್ಪನ ಫೋನಿಗೆ ಹಾಕಿ ಗುಂಡಿ ಒತ್ತಿದ ಕೂಡಲೇ ಎರರ್ ತೋರಿಸಿತು ಎಂದೆ. ‘ಅಪ್ಪನದು ಹಳೇ ಫೋನು, ಅದಕ್ಕೇ ಇರಬೇಕು’ ಎಂದೂ ಹೇಳಿದೆ. ಫೋನಿನದೇನೂ ತಪ್ಪಿಲ್ಲ.

ನಿನ್ನ ಫೋನಿನಲ್ಲಿ ಇದುವರೆಗೆ ಓಡಿದ್ದು ನಿನ್ನ ಆಪ್ ಅಲ್ಲ, ಪರೀಕ್ಷೆಗೆಂದು ಆಪ್ ಇನ್‌ವೆಂಟರ್ ಕೊಡುವ ಕಂಪ್ಯಾನಿಯನ್ ಎಂಬ ಆಪ್. ಕಂಪ್ಯೂಟರಿನಲ್ಲಿ ಒಂದು ಬ್ಲಾಕ್ ಎಳೆದು ಜೋಡಿಸಿದರೆ ಆ ಕ್ಷಣವೇ ಫೋನಿನಲ್ಲಿ ಬದಲಾವಣೆ ಕಾಣುವಂತೆ ಮಾಡುವುದು ಅದು. ಆ ಸೌಕರ್ಯ ದೊಡ್ಡದು. ಬ್ಲಾಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೂ ಇಟ್’ ಎಂದರೆ ಅದರ ಬೆಲೆ ಎಷ್ಟೆಂದು ಅಲ್ಲೇ ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ, ಧಾರಾಳವಾಗಿ ಬಳಸು.

ಆದರೆ ನೀನು ಒಟ್ಟು ಮೊತ್ತವನ್ನು, ಫೋನಿನಲ್ಲೇ ಮಾಹಿತಿ ಉಳಿಸಿಡುವ ಟೈನಿ ಡಿಬಿಯಲ್ಲಿ ಇಟ್ಟಿದ್ದೀಯ. ಪ್ರಯೋಗ ಮಾಡುವಾಗ ‘ಒಟ್ಟು’ ಎಂಬ ಟ್ಯಾಗಿನಡಿ ಎಂದೋ ಒಂದು ಸಂಖ್ಯೆ ಸೇರಿಕೊಂಡಿದೆ. ಕಂಪ್ಯಾನಿಯನ್ ಅದನ್ನು ಹಾಗೇ ಕಾಪಾಡಿಕೊಂಡು ಬಂದಿದೆ. ಅಷ್ಟೇ ಅಲ್ಲ, ಕಂಪ್ಯಾನಿಯನ್‌ನಲ್ಲಿ ಪರೀಕ್ಷಿಸುವ ಎಲ್ಲ ಆಪ್‌ಗಳಿಗೂ ಟೈನಿ ಡಿಬಿ ಒಂದೇ. ಎಪಿಕೆ (ಫೋನಿಗೆ ಹಾಕುವ ಆಪ್ ಕಡತ) ಮಾಡಿ ಅಪ್ಪನ ಫೋನಿಗೆ ಹಾಕಿದಾಗ ಅಲ್ಲಿ ಆ ಟ್ಯಾಗೇ ಇಲ್ಲ. ‘ಗೆಟ್ ವ್ಯಾಲ್ಯೂ’ ಬ್ಲಾಕಿನ ಕೆಳಗೆ ‘ವ್ಯಾಲ್ಯೂ ಇಫ್ ಟ್ಯಾಗ್ ನಾಟ್ ದೇರ್’ ಎಂದು ಒಂದು ಜಾಗ ಇದೆ, ನೋಡು. ಅಲ್ಲಿ ಮೊದಲಿನಿಂದಲೇ ಕೂತಿರುವುದು ಖಾಲಿ ಪಠ್ಯ. ಖಾಲಿ ಪಠ್ಯಕ್ಕೆ ಸಂಖ್ಯೆ ಕೂಡಿಸು ಎಂದರೆ ಯಾವ ಫೋನೂ ಕೂಡಿಸುವುದಿಲ್ಲ. ಅದನ್ನು ತೆಗೆದು ಸೊನ್ನೆ ಹಾಕು. ನಿನ್ನ ಎರರ್ ಇಷ್ಟೇ. ಹಾಗೆಯೇ ಬಾಕ್ಸಿನ ಸಂಖ್ಯೆ ಬರೆಯುವ ಕಡೆ ‘ನಂಬರ್ಸ್ ಓನ್ಲಿ’ ಆರಿಸು, ಏನೂ ಬರೆಯದೆ ಗುಂಡಿ ಒತ್ತಿದರೆ ಏನಾಗಬೇಕು ಅನ್ನುವುದನ್ನೂ ಯೋಚಿಸು. ನಿಮ್ಮಪ್ಪ ಖಂಡಿತ ಒತ್ತುತ್ತಾರೆ.

ನಿನ್ನೆಯ ಕೆಂಡ ಉಳಿದಿರುವ ಒಲೆಗೆ ಸೌದೆ ಇಟ್ಟರೆ ತಾನೇ ಹತ್ತಿಕೊಳ್ಳುತ್ತದೆ, ಹೊಸ ಒಲೆಗೆ ಕಡ್ಡಿ ನೀನೇ ಗೀರಬೇಕು. ನಡೆಯುತ್ತಿರುವಾಗಲೇ ತಿದ್ದಲು ಬಿಡುವ ಎಲ್ಲ ಪರಿಸರಗಳಲ್ಲೂ ಹಳೆಯದು ಉಳಿದುಕೊಂಡು ಮೋಸಗೊಳಿಸುವ ಈ ತೊಡಕು ಇದೆ, ಇದು ಹಳೆಯದೂ ಹೌದು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮುಂತಾದವರು ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದರು. ಅದರಲ್ಲಿ ಬರೆದ ಪ್ರೋಗ್ರಾಮು, ಹುಟ್ಟಿದ ವಸ್ತುಗಳು, ತೆರೆದ ಕಿಟಕಿಗಳು ಎಲ್ಲವೂ ‘ಇಮೇಜ್’ ಎಂಬ ಒಂದೇ ಕಡತದಲ್ಲಿ ಇದ್ದ ಹಾಗೇ ಉಳಿಯುತ್ತವೆ. ಅದೇ ವಂಶದ ಸ್ಕ್ವೀಕ್, ಫಾರೋ ಕಲಿಯುವವರು ಇವತ್ತಿಗೂ ಎಡವುವುದು ಇಲ್ಲೇ. ತಮ್ಮ ಇಮೇಜಿನಲ್ಲಿ ಓಡಿದ್ದು ಹೊಸ ಇಮೇಜಿಗೆ ಹಾಕಿದರೆ ಓಡುವುದಿಲ್ಲ, ಏಕೆಂದರೆ ಎಂದೋ ಕೈಯಾರೆ ಮಾಡಿಟ್ಟ ಒಂದು ವಸ್ತು ಅಲ್ಲಿರುವುದಿಲ್ಲ. ನೀನು ಶಾಲೆಯಲ್ಲಿ ಆಡಿದ ಸ್ಕ್ರ್ಯಾಚ್ ಇದೆಯಲ್ಲ, 2007ರಲ್ಲಿ ಜನರ ಕೈಗೆ ಬಂದ ಅದರ ಮೊದಲ ರೂಪವನ್ನು ಬರೆದದ್ದು ಸ್ಕ್ವೀಕ್‌ನಲ್ಲೇ. ಆಪ್ ಇನ್‌ವೆಂಟರ್ ಗೂಗಲ್‌ನಲ್ಲಿ ಹುಟ್ಟಿ 2010ರಲ್ಲಿ ಹೊರಬಂತು, ಆಮೇಲೆ ಎಂಐಟಿಗೆ ಹೋಯಿತು.

ಇವನ್ನೆಲ್ಲ ಕಲಿಯುವ ಮಾತು ಬಂದಾಗ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೆನೆದು ನನಗೆ ಹೆಮ್ಮೆಯೂ ಆಸೆಯೂ ಒಟ್ಟಿಗೇ ಆಗುತ್ತದೆ. ಕೇರಳದ ಕೈಟ್ ಸಂಸ್ಥೆ 2018ರಲ್ಲಿ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್‌ಗಳನ್ನು ಶುರುಮಾಡಿತು. ಸ್ಕ್ರ್ಯಾಚ್, ಆಪ್ ಇನ್‌ವೆಂಟರ್ ಎರಡನ್ನೂ ಅಲ್ಲಿ ಶಾಲೆಯಲ್ಲೇ ಕೂತು ಕಲಿಯುತ್ತಾರೆ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಹಳ್ಳಿ ಶಾಲೆಗಳಿಗೂ ಅಂಥದ್ದು ಬರಲೇಬೇಕು. ಅದು ಬರುವ ತನಕ ನಿನ್ನಂಥವರು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡೇ ಸಾಗಬೇಕು.

ಮುಂದಿನ ಆಪ್ ಶುರುಮಾಡುವಾಗ ಒಂದು ಕೆಲಸ ಮಾಡು. ಒಂದು ಗುಂಡಿ, ಒಂದು ಲೇಬಲ್ ಇಟ್ಟ ದಿನವೇ ಎಪಿಕೆ ಮಾಡಿ ಬೇರೆಯವರ ಫೋನಿಗೆ ಹಾಕು. ಆಮೇಲೆ ಒಂದೊಂದು ಹೊಸ ಸೌಲಭ್ಯ ಸೇರಿಸಿದಾಗಲೂ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು. ಹಾಗೆ ತೆಗೆಯದೆ ಮೇಲೆಯೇ ಹೊಸದನ್ನು ಹಾಕಿದರೆ ಹಳೆಯ ಲೆಕ್ಕ ಉಳಿದುಕೊಂಡು ನಿನ್ನನ್ನು ಮತ್ತೆ ಮೋಸಗೊಳಿಸುತ್ತದೆ. ನಿಮ್ಮಪ್ಪ ನಿಜವಾದ ಲೆಕ್ಕ ಬರೆಯಲು ಶುರುಮಾಡಿದ ಮೇಲೆ ಮಾತ್ರ ಅವರ ಫೋನಿನಲ್ಲಿ ಈ ಕೆಲಸ ಬೇಡ, ಅವರ ಸೀಸನ್ನಿನ ಲೆಕ್ಕವೇ ಅಳಿಸಿಹೋಗುತ್ತದೆ. ಆಗ ನಿಮ್ಮಮ್ಮನ ಫೋನ್ ತೆಗೆದುಕೋ. ಕೊಟ್ಟ ಮೇಲೆ ಪಕ್ಕದಲ್ಲಿ ನಿಂತು ‘ಇಲ್ಲಿ ಒತ್ತು, ಅಲ್ಲಿ ಒತ್ತು’ ಎನ್ನಬೇಡ. ಅವರ ಬೆರಳು ಎಲ್ಲಿ ತಡೆಯುತ್ತದೋ ಸುಮ್ಮನೆ ನೋಡಿ ಬರೆದುಕೋ.

ಇನ್ನೊಂದು ಮಾತು. ಎಪಿಕೆ ಒಂದೇ ಇಟ್ಟುಕೊಂಡರೆ ಅದರಿಂದ ಬ್ಲಾಕುಗಳು ವಾಪಸ್ ಬರುವುದಿಲ್ಲ. ಪ್ರಾಜೆಕ್ಟ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಎಐಎ ಕಡತ ಸಿಗುತ್ತದೆ. ಅದನ್ನು ದಿನಾಂಕ ಹಾಕಿ ತೆಗೆದಿಡು, ನನಗೂ ಒಂದು ಪ್ರತಿ ಕಳಿಸು. ಸೊನ್ನೆ ಹಾಕಿದ ಮೇಲೂ ಒಟ್ಟು ಮೊತ್ತ ತಪ್ಪಿದರೆ ಹಮಾಲಿ ಕಳೆಯುವ ಕಡೆ ಒಮ್ಮೆ ನೋಡಬೇಕು. ನೀನು ಅದನ್ನು ಎರಡು ಸಲ ಕಳೆಯುತ್ತಿದ್ದೀಯೇನೋ ಎಂದು ನನಗೆ ಅನುಮಾನ.

ಇಂತಿ ನಿನ್ನ
ದೊಡ್ಡಪ್ಪ