ಎಳೆಗೂಸನ್ನು ಎಲ್ಲಿ ಮಲಗಿಸಬೇಕು, ಹೇಗೆ ಮಲಗಿಸಬೇಕು?
(ತಾಯಂದಿರಿಗೂ ಮನೆಯ ಹಿರಿಯರಿಗೂ ಒಂದು ಪಾಠ)

“ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು” ಎಂದು ಅವಸರದವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಕುಲಾವಿಗೆ ಅವಸರ ಬೇಡವೆಂಬುದು ನಿಜವೇ. ಆದರೆ ಕೂಸು ಮಲಗುವ ಜಾಗದ ವಿಷಯದಲ್ಲಿ ಈ ಗಾದೆ ಸಲ್ಲದು. ಹೆರಿಗೆಗೆ ಒಂದು ತಿಂಗಳು ಇರುವಾಗಲೇ ಮನೆಯವರೆಲ್ಲ ಒಂದು ಸಂಜೆ ಕುಳಿತು, ಬಾಣಂತಿ ಎಲ್ಲಿರಬೇಕು, ಕೂಸು ಎಲ್ಲಿ ಮಲಗಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕೂಸು ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹದಿನಾರು ಗಂಟೆಯಷ್ಟು ಹೊತ್ತು ನಿದ್ದೆಯಲ್ಲಿಯೇ ಕಳೆಯುತ್ತದೆ. ಅಷ್ಟು ಹೊತ್ತು ಅದು ಇರುವ ಜಾಗ ಸುರಕ್ಷಿತವಾಗಿರಬೇಡವೇ?

ಕರ್ನಾಟಕದಲ್ಲಿ 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 25 ಮಕ್ಕಳು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. ಅವುಗಳಲ್ಲಿ ಸುಮಾರು 16 ಮಕ್ಕಳು ಮೊದಲ ತಿಂಗಳನ್ನೇ ದಾಟುತ್ತಿರಲಿಲ್ಲ. ಎಲ್ಲ ಸಾವುಗಳಿಗೂ ಹಾಸಿಗೆ ಕಾರಣವಲ್ಲ. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ನಂಜು ತಗಲುವುದು ಮುಖ್ಯ ಕಾರಣಗಳು. ಆದರೆ ಶೀತ, ಹೊಗೆ, ಉಸಿರುಕಟ್ಟು, ಬೀಳುವುದು ಇವುಗಳನ್ನು ತಡೆಯುವುದು ಮನೆಯವರ ಕೈಯಲ್ಲಿಯೇ ಇದೆ. ಅದಕ್ಕೆ ಹಣ ಬೇಡ, ತಿಳಿವಳಿಕೆ ಸಾಕು.

1. ಮೊದಲು ಜಾಗ: ಗಟ್ಟಿ ಗೋಡೆ, ಸೋರದ ಮಾಡು

ಎಳೆಗೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ನಾವು ಚಳಿಯಾದರೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತೇವೆ. ಕೂಸಿಗೆ ಹಾಗೆ ನಡುಗಲೂ ಬಾರದು. ಆದುದರಿಂದ ಅದರ ಮೈಶಾಖ ಬಹುಬೇಗ ಇಳಿದುಹೋಗುತ್ತದೆ. ಆಷಾಢದಲ್ಲಿ ಜೋಗಿಮಟ್ಟಿಯ ಕಡೆಯ ಗಾಳಿ ಎಷ್ಟು ಜೋರು ಎಂಬುದನ್ನು ಮದಕರಿಪುರದವರಿಗೆ ಹೇಳಬೇಕಾಗಿಲ್ಲ. ಆ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಕೂಸನ್ನು ಇಡತಕ್ಕದ್ದಲ್ಲ.

ಈ ಮಾತನ್ನು ಮೊದಲು ಹೇಳಲು ಕಾರಣವಿದೆ. ನಮ್ಮ ಜಿಲ್ಲೆಯಲ್ಲಿಯೂ ನೆರೆಯ ತುಮಕೂರು ಜಿಲ್ಲೆಯಲ್ಲಿಯೂ ಕಾಡುಗೊಲ್ಲರ ಹಟ್ಟಿಗಳು ಅನೇಕ. ಸೂತಕದ ಆಚಾರದಂತೆ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಕೆಲವು ಹಟ್ಟಿಗಳಲ್ಲಿ ಈಚಿನವರೆಗೂ ನಡೆದುಬಂದಿದೆ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಹೀಗೆ ಹೊರಗಿದ್ದ ಗುಡಿಸಲಿನಲ್ಲಿ ಮಳೆಗೂ ಚಳಿಗೂ ಸಿಕ್ಕಿದ ಎಳೆಗೂಸೊಂದು ಕಾಯಿಲೆ ಬಿದ್ದು ತೀರಿಕೊಂಡಿತು. ಆ ಸುದ್ದಿ ನಾಡಿನಲ್ಲೆಲ್ಲ ಹಬ್ಬಿತು. ಸುದ್ದಿ ಹಳತಾಗುತ್ತದೆ; ಆ ತಾಯಿಯ ಮಡಿಲು ಮಾತ್ರ ಬರಿದಾಗಿಯೇ ಉಳಿಯಿತು.

ಹಟ್ಟಿಯ ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೇ. ನಿಮ್ಮ ಭಕ್ತಿಯನ್ನು ಯಾರೂ ಹಳಿಯುವುದಿಲ್ಲ. ಆದರೆ ಅಡವಿಯಲ್ಲಿ ಕುರಿ ಈದರೆ, ಒದ್ದೆ ಮರಿಯನ್ನು ಕಂಬಳಿಯೊಳಗೆ ಎದೆಗವಚಿಕೊಂಡು ಮನೆಗೆ ತರುವವರು ನೀವು. ಮಳೆಯಲ್ಲಿ ಬಿಟ್ಟ ಮರಿ ಉಳಿಯುವುದಿಲ್ಲವೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ನಿಮ್ಮ ಮೊಮ್ಮಗುವಿಗೂ ಅದೇ ಕಂಬಳಿ, ಅದೇ ಮನೆ ಸಿಗಲಿ. ಆಚಾರಕ್ಕೆ ಪ್ರತ್ಯೇಕ ಕೋಣೆ ಬೇಕೇ ಬೇಕೆಂದರೆ, ದೇವರ ಮನೆಯಿಂದ ದೂರವಾದ ಒಂದು ಕೋಣೆಯನ್ನು ಮನೆಯೊಳಗೇ ಬಿಟ್ಟುಕೊಡಿರಿ. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತದಿಂದ ಬೇರೆ ಇಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆಯಂತೆ ಅಪರಾಧವೆಂಬುದನ್ನೂ ತಿಳಿದಿರಬೇಕು. ಆದರೆ ಕಾಯ್ದೆಯ ಹೆದರಿಕೆಗಿಂತ ಕೂಸಿನ ಮೇಲಿನ ಮಮತೆಯೇ ದೊಡ್ಡದು.

2. ತೊಟ್ಟಿಲೋ, ಜೋಲಿಯೋ, ಚಾಪೆಯೋ?

ಕೂಸು ತಾಯಿಯ ಕೋಣೆಯಲ್ಲಿಯೇ, ತಾಯಿಯ ಕೈಗೆ ಎಟಕುವಷ್ಟು ಹತ್ತಿರದಲ್ಲಿ, ತನ್ನದೇ ಹಾಸಿಗೆಯಲ್ಲಿ ಮಲಗುವುದು ಎಲ್ಲಕ್ಕಿಂತ ಒಳ್ಳೆಯದು. ಆರು ತಿಂಗಳಾದರೂ ಹೀಗೆಯೇ ನಡೆಯಲಿ. ರಾತ್ರಿ ಹಾಲು ಕುಡಿಸುವುದು ಸುಲಭ. ಕೂಸಿನ ಉಸಿರಾಟವೂ ತಾಯಿಯ ಕಿವಿಗೆ ಬೀಳುತ್ತದೆ.

ಮರದ ತೊಟ್ಟಿಲು: ತಳ ಸಮವಾಗಿ ಗಟ್ಟಿಯಾಗಿದ್ದರೆ ಇದು ಒಳ್ಳೆಯ ಹಾಸಿಗೆ. ಅಜ್ಜಿಯ ಕಾಲದ ತೊಟ್ಟಿಲನ್ನು ಅಟ್ಟದಿಂದ ಇಳಿಸಿದಾಗ ಸರಪಣಿ, ಕೊಂಡಿ, ತಳದ ಹಲಗೆ ಇವುಗಳನ್ನು ಮೂಟೆಯ ಭಾರ ಹಾಕಿ ಪರೀಕ್ಷಿಸಿರಿ. ಪಕ್ಕದ ಕಂಬಿಗಳ ನಡುವೆ ಕೂಸಿನ ತಲೆ ತೂರುವಷ್ಟು ಸಂದಿ ಇರಬಾರದು. ಕಟ್ಟಿದ ಗಿಲಿಕಿ, ದಾರ, ಮಣಿಸರ ಕೂಸಿನ ಕೈಗೆ ಎಟಕಬಾರದು.

ಸೀರೆಯ ಜೋಲಿ: ತೊಲೆಗೆ ಕಟ್ಟಿದ ಜೋಲಿ ನಮ್ಮಲ್ಲಿ ಮನೆಮನೆಯ ವಸ್ತು. ಹೊಲದ ಬದುವಿನ ಬೇವಿನ ಮರದಲ್ಲಿಯೂ ಅದು ತೂಗುತ್ತದೆ. ಅತ್ತ ಕೂಸು ಅದರಲ್ಲಿ ಸುಮ್ಮನಾಗುವುದೇನೋ ಹೌದು. ಆದರೆ ಜೋಲಿಯಲ್ಲಿ ಕೂಸಿನ ಬೆನ್ನು ಬಿಲ್ಲಿನಂತೆ ಬಾಗಿ, ಗಲ್ಲ ಎದೆಗೆ ಒತ್ತುತ್ತದೆ. ಎಳೆಗೂಸಿನ ಕೊರಳು ಮೆದು. ಹೀಗೆ ಒತ್ತಿದರೆ ಉಸಿರಿನ ದಾರಿ ಮುಚ್ಚಬಹುದು. ಬಟ್ಟೆಯೂ ಮೂಗಿನ ಮೇಲೆ ಬೀಳಬಹುದು. ದೊಡ್ಡ ಮಕ್ಕಳು ಜೋಲಿಯಲ್ಲಿ ಆಡುವಾಗ ಸೀರೆ ಕೊರಳಿಗೆ ಸುತ್ತಿಕೊಂಡು ಸತ್ತ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ಆದುದರಿಂದ ಜೋಲಿಯನ್ನು ರಾತ್ರಿಯ ಹಾಸಿಗೆಯಾಗಿ ಬಳಸಬೇಡಿರಿ. ಹಗಲಲ್ಲಿ ಸಮಾಧಾನಕ್ಕೆ ತೂಗಿದರೂ ಕಣ್ಣೆದುರಿಗೇ ಇರಲಿ. ನಿದ್ದೆ ಹತ್ತಿದೊಡನೆ ಎತ್ತಿ ಸಮ ಹಾಸಿಗೆಯ ಮೇಲೆ ಮಲಗಿಸಿರಿ. ಕೆಲಸ ಮುಗಿದಮೇಲೆ ಜೋಲಿಯನ್ನು ಬಿಚ್ಚಿ ಇಡಿರಿ.

ನೆಲದ ಚಾಪೆ: ತೊಟ್ಟಿಲಿಲ್ಲದ ಮನೆಯಲ್ಲಿ ಚಿಂತೆ ಬೇಡ. ಚಾಪೆಯ ಮೇಲೆ ಬಿಗಿಯಾಗಿ ಮಡಿಸಿದ ಒಂದು ಕೌದಿ, ಅದರ ಮೇಲೆ ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಯ ಬಟ್ಟೆ ಹಾಸಿದರೆ ಆಯಿತು. ಆದರೆ ನಮ್ಮದು ಕಲ್ಲಿನ ಸೀಮೆ; ಚೇಳು ಹೆಚ್ಚು. ಹಾಸಿಗೆಯನ್ನು ಪ್ರತಿ ಸಂಜೆ ಕೊಡವಿ ಹಾಸಬೇಕು. ಗೋಡೆಯ ಬಿರುಕು, ಕಲ್ಲಿನ ಸಂದಿ, ಸೌದೆಯ ರಾಶಿ ಇವುಗಳಿಂದ ದೂರ ಇಡಬೇಕು. ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಗಿಸಿದರೆ ಸೊಳ್ಳೆ, ಚೇಳು ಎರಡಕ್ಕೂ ತಡೆ. ಪರದೆ ಸಡಿಲವಾಗಿ ಕೂಸಿನ ಮುಖದ ಮೇಲೆ ಬೀಳದಂತೆ ನೋಡಿಕೊಳ್ಳಿರಿ.

3. ಬೆನ್ನ ಮೇಲೆಯೇ ಮಲಗಿಸಿರಿ

ಪ್ರತಿ ನಿದ್ದೆಗೂ, ಹಗಲಾಗಲಿ ರಾತ್ರಿಯಾಗಲಿ, ಕೂಸನ್ನು ಅಂಗಾತ ಮಲಗಿಸಬೇಕು. ಬೋರಲು ಬೇಡ, ಮಗ್ಗುಲೂ ಬೇಡ. ಮಗ್ಗುಲಾಗಿ ಮಲಗಿದ ಕೂಸು ಸುಲಭವಾಗಿ ಬೋರಲು ಬೀಳುತ್ತದೆ.

ಈ ಪಾಠವನ್ನು ದೊಡ್ಡ ದೇಶಗಳು ಬಹಳ ಬೆಲೆ ತೆತ್ತು ಕಲಿತವು. ಹಿಂದೆ ಅಲ್ಲಿಯ ವೈದ್ಯರೂ ಪುಸ್ತಕಗಳೂ ಕೂಸನ್ನು ಬೋರಲು ಮಲಗಿಸಲು ಹೇಳುತ್ತಿದ್ದ ಕಾಲವಿತ್ತು. ಆರೋಗ್ಯವಾಗಿದ್ದ ಕೂಸುಗಳು ನಿದ್ದೆಯಲ್ಲಿಯೇ ಇದ್ದಕ್ಕಿದ್ದಂತೆ ಸಾಯುತ್ತಿದ್ದವು. ಕಾರಣ ಹುಡುಕುತ್ತ ಹೋದಾಗ ಬೋರಲು ಮಲಗುವುದೇ ದೊಡ್ಡ ಅಪಾಯವೆಂದು ತಿಳಿಯಿತು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ “ಅಂಗಾತ ಮಲಗಿಸಿ” ಎಂಬ ಪ್ರಚಾರ ನಡೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಆ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ತೊಟ್ಟಿಲಲ್ಲಿ ಕೂಸನ್ನು ಅಂಗಾತ ಮಲಗಿಸಿ ಹಾಡುತ್ತಿದ್ದ ನಮ್ಮ ಅಜ್ಜಿಯರ ರೂಢಿ ಸರಿಯಾಗಿಯೇ ಇತ್ತು.

“ಅಂಗಾತ ಮಲಗಿದಾಗ ಹಾಲು ಕಕ್ಕಿದರೆ ಉಸಿರುಕಟ್ಟುವುದಿಲ್ಲವೇ?” ಎಂದು ನೀವು ಕೇಳಬಹುದು. ಇಲ್ಲ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನದ ಕೊಳವೆ ಕೆಳಗೆ ಇರುತ್ತವೆ. ಮೇಲೆ ಬಂದ ಹಾಲು ತಾನಾಗಿ ಕೆಳಗಿನ ಕೊಳವೆಗೇ ಇಳಿಯುತ್ತದೆ. ಬೋರಲಾದರೆ ಇದು ತಿರುವುಮುರುವಾಗುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ ಮಲಗಿಸಿದರೆ ಸಾಕು.

“ಹೀಗೆ ಮಲಗಿಸಿದರೆ ತಲೆ ಚಪ್ಪಟೆಯಾಗುತ್ತದೆ” ಎಂದು ರಾಗಿಯ ದಿಂಬು, ಸಾಸಿವೆಯ ದಿಂಬು ಇಡುವವರಿದ್ದಾರೆ. ದಿಂಬು ಬೇಡವೇ ಬೇಡ. ತಲೆ ಇಡುವ ದಿಕ್ಕನ್ನು ದಿನಕ್ಕೊಮ್ಮೆ ಬದಲಿಸಿರಿ. ಕೂಸು ಎಚ್ಚರವಾಗಿದ್ದಾಗ, ನೀವು ಎದುರಿಗೇ ಕುಳಿತು, ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಿರಿ. ತಲೆಯ ಆಕಾರವೂ ಸರಿಹೋಗುತ್ತದೆ, ಕೊರಳೂ ಗಟ್ಟಿಯಾಗುತ್ತದೆ.

4. ಹಾಸಿಗೆಯಲ್ಲಿ ಏನೇನು ಇರಬಾರದು?

ಮೆತ್ತನೆಯ ಹಾಸಿಗೆಯೇ ಮಮತೆಯ ಗುರುತೆಂದು ತಿಳಿಯುವುದು ತಪ್ಪು. ಬೆರಳಿನಿಂದ ಒತ್ತಿದರೆ ಹಳ್ಳ ಬೀಳುವ ಹಾಸಿಗೆ ಕೂಸಿಗೆ ಅಪಾಯಕರ. ದಿಂಬು, ಪಕ್ಕಕ್ಕೆ ಒತ್ತರಿಸುವ ಬಟ್ಟೆಯ ಸುರುಳಿ, ಬೊಂಬೆ, ಪ್ಲಾಸ್ಟಿಕ್ ಹಾಳೆ ಇವು ಯಾವುವೂ ಕೂಸಿನ ಬಳಿ ಇರಬಾರದು. ಕೊರಳಿಗೆ ಕಟ್ಟಿದ ಕರಿದಾರ, ತಾಯಿತ, ಬಜೆಯ ಸರ ಮಲಗಿರುವಾಗ ಬಿಗಿಯಬಹುದು. ದೃಷ್ಟಿಗೆಂದು ಕಟ್ಟಲೇಬೇಕಾದರೆ, ಕೂಸಿಗೆ ಎಟಕದಂತೆ ಬಾಗಿಲಿಗೆ ಕಟ್ಟಿರಿ.

ಚಳ್ಳಕೆರೆಯ ಕರಿಕಂಬಳಿ ದೊಡ್ಡವರಿಗೆ ಒಳ್ಳೆಯ ಹೊದಿಕೆ. ಎಳೆಗೂಸಿನ ಮೇಲೆ ಹೊದಿಸಿದರೆ ಅದು ಜಾರಿ ಮುಖ ಮುಚ್ಚೀತು. ಕೂಸಿಗೆ ಬೇಕಾದದ್ದು ಮೈಗೆ ಹೊಂದುವ ಅಂಗಿ. ನೀವು ತೊಡುವುದಕ್ಕಿಂತ ಒಂದು ಪದರ ಹೆಚ್ಚು ಇದ್ದರೆ ಸಾಕು. ಬಟ್ಟೆಯಲ್ಲಿ ಸುತ್ತುವುದಾದರೆ ಎದೆಯವರೆಗೆ ಮಾತ್ರ, ಸಡಿಲವಾಗಿ, ಕಾಲು ಮಡಿಸಿ ಚಾಚಲು ಆಗುವಂತೆ ಸುತ್ತಬೇಕು. ಕೂಸು ಮಗುಚಿಕೊಳ್ಳಲು ಹವಣಿಸುವ ದಿನದಿಂದ ಸುತ್ತುವುದನ್ನು ನಿಲ್ಲಿಸಬೇಕು.

5. ಬೆಚ್ಚಗಿರಲಿ, ಬೆವರದಿರಲಿ, ಹೊಗೆ ಬೇಡ

ಕೂಸು ಬೆಚ್ಚಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಕೈಯ ಹಿಂಬದಿಯಿಂದ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ ನೋಡಿರಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹತ್ತುತ್ತಿದೆ, ಕೂಡಲೆ ಎದೆಗವಚಿಕೊಳ್ಳಿರಿ. ಎರಡೂ ತಣ್ಣಗಿದ್ದರೆ ಅದು ಅಪಾಯ. ಎದೆಗವಚಿಕೊಂಡೇ ಆಸ್ಪತ್ರೆಗೆ ನಡೆಯಿರಿ. ಕೊರಳು ಬೆವತಿದ್ದರೆ ಬಟ್ಟೆ ಹೆಚ್ಚಾಗಿದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ಅದರಲ್ಲಿಯೂ ಶೀಟಿನ ಮನೆಯಲ್ಲಿ, ಕುಲಾವಿ ಹಾಕಿ ಉಣ್ಣೆ ಸುತ್ತಿ ಮಲಗಿಸುವುದು ತಪ್ಪು.

ಬಾಣಂತಿ ಕೋಣೆಯ ಕಿಟಕಿ, ಗವಾಕ್ಷಿ ಎಲ್ಲ ಮುಚ್ಚಿ ಇದ್ದಲಿನ ಕೆಂಡ ಇಡುವ ರೂಢಿಯನ್ನು ಇಂದೇ ಬಿಡಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ತೀರಿಹೋಗುತ್ತಾರೆ. ಸಾಂಬ್ರಾಣಿ ಹೊಗೆಯನ್ನು ತಾಯಿ ತಲೆಗೂದಲಿಗೆ ಹಿಡಿಯುವುದಾದರೆ ಬೇರೆ ಕಡೆ ಹಿಡಿಯಲಿ; ಕೂಸಿನ ಎಳೆಯ ಶ್ವಾಸಕೋಶಕ್ಕೆ ಅದು ಹಿತವಲ್ಲ. ಬೀಡಿ, ಸಿಗರೇಟಿನ ಹೊಗೆ ಆ ಕೋಣೆಯ ಹೊಸ್ತಿಲು ದಾಟಬಾರದು.

6. ತಾಯಿಯ ಮಗ್ಗುಲಲ್ಲಿ ಮಲಗಿದರೆ?

ದಣಿದ ತಾಯಿ ಹಾಲು ಕುಡಿಸುತ್ತಲೇ ನಿದ್ದೆಹೋಗುವುದು ಸಹಜ. ಅದಕ್ಕಾಗಿ ಅವಳನ್ನು ಬಯ್ಯಬೇಡಿರಿ. ಆ ಹೊತ್ತಿಗೂ ಸಿದ್ಧತೆ ಇರಲಿ. ಅವಳ ಹಾಸಿಗೆಯೂ ನೆಲದ ಮೇಲೆ ಗಟ್ಟಿಯಾಗಿರಲಿ, ದಿಂಬು ಕಂಬಳಿಗಳು ಕೂಸಿನಿಂದ ದೂರವಿರಲಿ. ಕೂಸು ಇಬ್ಬರ ನಡುವೆಯಾಗಲಿ, ಇತರ ಮಕ್ಕಳ ಪಕ್ಕದಲ್ಲಾಗಲಿ ಇರಬಾರದು. ಎಚ್ಚರವಾದೊಡನೆ ಕೂಸನ್ನು ಅದರ ಹಾಸಿಗೆಗೆ ಸರಿಸಲಿ. ಕುಡಿದವರು, ಬೀಡಿ ಸೇದುವವರು, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡವರು ಕೂಸಿನ ಪಕ್ಕ ಎಂದಿಗೂ ಮಲಗಕೂಡದು. ಸೋಫಾ, ಕುರ್ಚಿಯ ಮೇಲೆ ಕೂಸನ್ನು ಹಿಡಿದು ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯ.

ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ, ಅಥವಾ ದಿನ ತುಂಬದೆ ಹುಟ್ಟಿದ ಕೂಸಿಗೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಅದಕ್ಕೆ ತಾಯಿಯ ಎದೆಯೇ ಉತ್ತಮ ಹಾಸಿಗೆ. ಆದರೆ ತಾಯಿ ಎಚ್ಚರವಾಗಿರಬೇಕು. ಬರಿಮೈಯ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟು, ಬಟ್ಟೆಯಿಂದ ಭದ್ರವಾಗಿ ಕಟ್ಟಿ, ಮುಖ ಒಂದು ಪಕ್ಕಕ್ಕೆ ತಿರುಗಿಸುವ ಈ ಕ್ರಮಕ್ಕೆ ಕಾಂಗರೂ ಆರೈಕೆ ಎಂದು ಹೆಸರು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಯಂತ್ರಗಳು ಸಾಲದ ಆಸ್ಪತ್ರೆಯಲ್ಲಿ ಇದು ಆರಂಭವಾಯಿತು. ತಾಯಿ ದಣಿದಾಗ ತಂದೆಯಾಗಲಿ, ಅಜ್ಜಿಯಾಗಲಿ ಎದೆ ಕೊಡಬಹುದು. ಇದನ್ನು ಆಸ್ಪತ್ರೆಯ ದಾದಿಯಿಂದ ಕಲಿತುಕೊಂಡೇ ಮನೆಗೆ ಬನ್ನಿರಿ.

7. ಯಾವಾಗ ತಡಮಾಡಬಾರದು?

ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಎದೆ ಒಳಸೇದುತ್ತಿದ್ದರೆ, ಸೆಳವು ಬಂದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ಬೆಳಗಾಗಲೆಂದು ಕಾಯಬೇಡಿರಿ. 108ಕ್ಕೆ ಫೋನು ಮಾಡಿರಿ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರತಕ್ಕದ್ದು. ಆಕೆ ಬಂದಾಗ ತೂಕ ಹಾಕಿಸಿದರೆ ಸಾಲದು. ಕೂಸು ಮಲಗುವ ಜಾಗವನ್ನೂ ತೋರಿಸಿ, ಸರಿಯೇ ಎಂದು ಕೇಳಿರಿ.

ಸಂಜೆ ದೀಪ ಹಚ್ಚಿದ ಮೇಲೆ ಒಂದು ನಿಮಿಷ

ಹಾಸಿಗೆ ಕೊಡವಿದ್ದಾಯಿತೇ? ಗಟ್ಟಿಯಾಗಿ, ಸಮವಾಗಿ ಇದೆಯೇ? ದಿಂಬು, ದಾರ ತೆಗೆದಾಯಿತೇ? ಕೆಂಡ ಹೊರಗೆ ಹೋಯಿತೇ? ಹೊಟ್ಟೆ, ಪಾದ ಬೆಚ್ಚಗಿವೆಯೇ? ಮುಖ ಮೇಲೆ, ಬೆನ್ನು ಕೆಳಗೆ ಇದೆಯೇ? ಇಷ್ಟನ್ನು ನೋಡಿ ಮಲಗಿರಿ. ಈ ಕೆಲಸ ತಾಯಿಯೊಬ್ಬಳದಲ್ಲ. ತಂದೆಯೂ ಅಜ್ಜಿಯೂ ಸರದಿಯಂತೆ ನೋಡಿದರೆ ಬಾಣಂತಿಗೂ ನಾಲ್ಕು ಗಳಿಗೆ ನಿದ್ದೆ ದೊರೆಯುತ್ತದೆ.

ಮಹಿಳಾ ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಕೂಸನ್ನು ಅಂಗಾತವೇ ಏಕೆ ಮಲಗಿಸಬೇಕು? ಹಾಲು ಕಕ್ಕಿದಾಗ ಏನಾಗುತ್ತದೆ?
2. ಜೋಲಿಯಲ್ಲಿ ಇರುವ ಅಪಾಯಗಳು ಯಾವುವು?
3. ಕೂಸಿಗೆ ಚಳಿಯಾಗಿದೆಯೆಂದು ಕೈಯಿಂದ ಮುಟ್ಟಿ ಹೇಗೆ ತಿಳಿಯುವಿರಿ?
4. ನಿಮ್ಮ ಹಳ್ಳಿಯಲ್ಲಿ, ಹಟ್ಟಿಯಲ್ಲಿ ಈ ತಿಂಗಳು ಹೆರಿಗೆಯಾಗುವ ತಾಯಂದಿರು ಯಾರು? ಅವರ ಕೂಸುಗಳು ಎಲ್ಲಿ ಮಲಗುವುವು? ಈ ವಾರವೇ ಹೋಗಿ ನೋಡಿ ಬರುವವರು ಯಾರು?